ಹೊಗೆ ಬರದ ಆ್ಯಸಿಡ್

"ಸರ್, ಯಾರೋ ನೀರು ಚೆಲ್ಲಿದ್ದಾರೆ" ಅಂತ ಹೇಳಿ ಆ ಹುಡುಗ ಕರ್ಚೀಫ್ ತೆಗೆದು ಟೇಬಲ್ ಒರೆಸಿಯೇಬಿಟ್ಟ. ಅದು ನೀರಲ್ಲ, ಕಾನ್ಸನ್‌ಟ್ರೇಟೆಡ್ ಸಲ್ಫ್ಯೂರಿಕ್ ಆ್ಯಸಿಡ್. ತಕ್ಷಣ ಅವನ ಕೈ ಎಳೆದು ನಲ್ಲಿ ಕೆಳಗೆ ಹಿಡಿದೆ. 20 ನಿಮಿಷ ಬಿಡಲಿಲ್ಲ. ಎರಡು ಬೆರಳು ಕೆಂಪಾಗಿದ್ದವು. ಪುಣ್ಯಕ್ಕೆ ಗುಳ್ಳೆ ಏಳಲಿಲ್ಲ. ತಿರುಗಿ ನೋಡಿದರೆ ಕರ್ಚೀಫ್ ಕಪ್ಪಾಗಿ ತೂತು ಬಿದ್ದಿತ್ತು.

"ಆ್ಯಸಿಡ್ ಆಗಿದ್ರೆ ಹೊಗೆ ಬರ್ಬೇಕಿತ್ತಲ್ವಾ ಸರ್?" ಅಂತ ಕೇಳಿದ.

ಪಿಯು ಕಾಲೇಜಿನಲ್ಲಿ 14 ವರ್ಷದಿಂದ ಕೆಮಿಸ್ಟ್ರಿ ಹೇಳಿಕೊಡುತ್ತಿದ್ದೇನೆ. ಆ ಪ್ರಶ್ನೆ ಇವತ್ತಿಗೂ ಕಿವಿಯಲ್ಲಿದೆ. ಸಿನಿಮಾದಲ್ಲಿ ಆ್ಯಸಿಡ್ ಅಂದರೆ ಹಸಿರು ಬಣ್ಣ, ಬುಸಬುಸ ನೊರೆ, ಮೇಲೆ ಹೊಗೆ. ಬಣ್ಣದ ನೀರಿಗೆ ಡ್ರೈ ಐಸ್ (ಗಟ್ಟಿಯಾಗಿಸಿದ ಕಾರ್ಬನ್ ಡೈಆಕ್ಸೈಡ್) ಹಾಕಿದರೆ ಇಷ್ಟೂ ಆಗುತ್ತದೆ. ನಿಜವಾದ ಸಲ್ಫ್ಯೂರಿಕ್ ಆ್ಯಸಿಡ್ ಎಣ್ಣೆ ಹಾಗೆ ಮಂದವಾಗಿ, ಬಣ್ಣ ವಾಸನೆ ಇಲ್ಲದೆ ಸುಮ್ನೆ ಇರುತ್ತದೆ. ಲೇಬಲ್ ಓದಿ ಅಂತ ನಾನು ನೂರು ಸಲ ಹೇಳಿದ್ದೆ. ಆ್ಯಸಿಡ್ ನೋಡೋಕೆ ಹೇಗಿರುತ್ತದೆ ಅಂತ ಒಮ್ಮೆಯೂ ತೋರಿಸಿರಲಿಲ್ಲ. ತಪ್ಪು ನನ್ನದೇ.

ಈಗ ಮೊದಲ ದಿನವೇ ಫ್ಯೂಮ್ ಹುಡ್ (ಕೆಟ್ಟ ಗಾಳಿಯನ್ನು ಹೊರಗೆ ಎಳೆದು ಹಾಕುವ ಪೆಟ್ಟಿಗೆ) ಒಳಗೆ ಬೀಕರಿನಲ್ಲಿ ಸಕ್ಕರೆ ಇಟ್ಟು ಆ್ಯಸಿಡ್ ಸುರಿಯುತ್ತೇನೆ. ಮೊದಮೊದಲು ಏನೂ ಆಗುವುದಿಲ್ಲ. ಹಿಂದಿನ ಬೆಂಚಿನವರು ಮಾತಿಗಿಳಿಯುತ್ತಾರೆ. ಆಮೇಲೆ ಹಳದಿ, ಕಂದು, ಕಪ್ಪು. ನೋಡನೋಡುತ್ತಿದ್ದಂತೆ ಇದ್ದಿಲಿನ ಕಂಬವೊಂದು ಉಬ್ಬಿಕೊಂಡು ಬೀಕರಿನಿಂದ ಮೇಲೇಳುತ್ತದೆ. ಆ್ಯಸಿಡ್ ಸಕ್ಕರೆಯಲ್ಲಿರುವ ಹೈಡ್ರೋಜನ್, ಆಕ್ಸಿಜನ್ ಎರಡನ್ನೂ ನೀರಿನ ರೂಪದಲ್ಲಿ ಕಿತ್ತುಕೊಂಡು ಕಾರ್ಬನ್ ಮಾತ್ರ ಉಳಿಸುತ್ತದೆ. ಕರ್ಚೀಫಿನ ಹತ್ತಿಗೂ ಆಗಿದ್ದು ಇದೇ.

ಪ್ರತಿ ಬ್ಯಾಚಿನಲ್ಲೂ ಬರುವ ಇನ್ನೊಂದು ಪ್ರಶ್ನೆ ಕ್ಲೋರೋಫಾರ್ಮ್‌ದು. ಉಪ್ಪಿನಲ್ಲಿ ಅಯೋಡೈಡ್ ಇದೆಯಾ ಅಂತ ನೋಡುವ ಟೆಸ್ಟಿಗೆ ಆ ಬಾಟಲಿ ಹೊರಗೆ ಬಂದರೆ ಸಾಕು. "ಕರ್ಚೀಫಿಗೆ ಹಾಕಿ ಮೂಗಿಗೆ ಹಿಡಿದ್ರೆ ತಕ್ಷಣ ಬಿದ್ದುಹೋಗ್ತಾರಾ ಸರ್?" ಇಲ್ಲ. ಎಚ್ಚರ ತಪ್ಪೋಕೆ ಕೆಲವು ನಿಮಿಷ ಬೇಕು. ಸ್ವಲ್ಪ ಜಾಸ್ತಿಯಾದರೆ ಹೃದಯವೇ ನಿಂತುಹೋಗಬಹುದು. ಎಡಿನ್‌ಬರೋದ ಡಾಕ್ಟರ್ ಜೇಮ್ಸ್ ಸಿಂಪ್ಸನ್ ಹೆರಿಗೆ ನೋವಿಗೆ ಇದನ್ನು ಬಳಸಿದ್ದು 1847ರಲ್ಲಿ. 1848ರ ಜನವರಿಯಲ್ಲೇ ಇಂಗ್ಲೆಂಡಿನಲ್ಲಿ ಹ್ಯಾನಾ ಗ್ರೀನರ್ ಅನ್ನೋ ಹುಡುಗಿ ಕಾಲ್ಬೆರಳಿನ ಉಗುರು ತೆಗೆಸಿಕೊಳ್ಳಲು ಹೋಗಿ, ಕ್ಲೋರೋಫಾರ್ಮ್ ಕೊಟ್ಟ ಸ್ವಲ್ಪ ಹೊತ್ತಿಗೇ ತೀರಿಕೊಂಡಳು. ಡಾಕ್ಟರೇ ಪಕ್ಕದಲ್ಲಿದ್ದರು. ಅವಳಿಗೆ 15 ವರ್ಷ, ನನ್ನ ಮುಂದೆ ಕೂತಿರುವ ಮಕ್ಕಳಿಗಿಂತ ಒಂದೆರಡು ವರ್ಷ ಚಿಕ್ಕವಳು. ಇಷ್ಟು ಹೇಳಿದ ಮೇಲೆ ಬಾಟಲಿ ಒಬ್ಬರ ಕೈಗೆ ಕೊಡುತ್ತೇನೆ. ಮುಚ್ಚಳ ತೆಗೆಯುವ ಮುಂಚೆ ಅವರು ಲೇಬಲನ್ನು ಎಲ್ಲರಿಗೂ ಕೇಳುವಂತೆ ಓದಬೇಕು.