ಅಸಿಟನಿಲೈಡ್ ಹರಳು ಮತ್ತು ಆ ಎಣ್ಣೆ ಹನಿಗಳು

ಅನಿಲಿನ್ ಎಂಬ ಎಣ್ಣೆಯಂಥ ದ್ರವದಿಂದ ಲ್ಯಾಬಿನಲ್ಲಿ ಮಾಡುವ ಬಿಳಿ ಹರಳಿನ ರಾಸಾಯನಿಕ ಅಸಿಟನಿಲೈಡ್. ಅದನ್ನು ತಯಾರಿಸುವುದು ಕಷ್ಟವಲ್ಲ. ಹೆಚ್ಚಿನವರ ಇಳುವರಿ ಹೋಗುವುದು ಅದನ್ನು ಶುದ್ಧಿ ಮಾಡುವಾಗ.

ತಯಾರಿ ಇಷ್ಟೇ. ಒಣಗಿದ 100 ಮಿ.ಲೀ. ಗುಂಡುತಳದ ಫ್ಲಾಸ್ಕಿಗೆ 5 ಮಿ.ಲೀ. ಅನಿಲಿನ್ ಹಾಕಿ. 6 ಮಿ.ಲೀ. ಅಸಿಟಿಕ್ ಅನ್‌ಹೈಡ್ರೈಡ್ ಮತ್ತು 5 ಮಿ.ಲೀ. ಗ್ಲೇಷಿಯಲ್ (ನೀರು ಬೆರೆಯದ) ಅಸಿಟಿಕ್ ಆಮ್ಲವನ್ನು ಬೆರೆಸಿಟ್ಟುಕೊಂಡು ಅನಿಲಿನ್‌ಗೆ ಸ್ವಲ್ಪಸ್ವಲ್ಪವೇ ಸೇರಿಸಿ; ಫ್ಲಾಸ್ಕು ತಾನಾಗಿಯೇ ಬಿಸಿಯಾಗುತ್ತದೆ. ಪಿಂಗಾಣಿ ಚೂರು ಹಾಕಿ, ಆವಿಯನ್ನು ತಣಿಸಿ ಫ್ಲಾಸ್ಕಿಗೇ ಮರಳಿಸುವ ಕಂಡೆನ್ಸರ್ ಕೂರಿಸಿ, 15 ನಿಮಿಷ ಹದವಾಗಿ ಕುದಿಸಿ. ಸ್ವಲ್ಪ ಆರಿದ ಮೇಲೆ 150 ಮಿ.ಲೀ. ಐಸ್ ನೀರಿಗೆ ಕಲಕುತ್ತಾ ಸುರಿದರೆ ಘನ ಬೀಳುತ್ತದೆ. ಕಲಕದಿದ್ದರೆ ಗಂಟುಗಟ್ಟಿ ಆಮ್ಲ ಒಳಗೇ ಉಳಿಯುತ್ತದೆ. ಅನಿಲಿನ್ ಚರ್ಮದ ಮೂಲಕವೂ ಮೈಸೇರುವ ವಿಷ. ಹಾಗಾಗಿ ಕೈಗವಸು ಮತ್ತು ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್ ಬೇಕೇ ಬೇಕು. ಬಾಟಲಿಯಲ್ಲಿ ಕಂದುಬಣ್ಣಕ್ಕೆ ತಿರುಗಿದ ಅನಿಲಿನ್ ಬಳಸಿದರೆ ಹರಳೂ ಕಂದು.

ಬಿದ್ದ ಘನವನ್ನು ಸೋಸಿ ತೆಗೆದು, ಕುದಿನೀರಿನಲ್ಲಿ ಕರಗಿಸಿ, ತಣಿಸಿ ಮತ್ತೆ ಹರಳುಗಟ್ಟಿಸುವುದೇ ಶುದ್ಧೀಕರಣ. ಈಗ ಅದರ ನೀರಿನ ಲೆಕ್ಕ. 100 ಮಿ.ಲೀ. ಕುದಿನೀರು ಸುಮಾರು 5 ಗ್ರಾಂ ಅಸಿಟನಿಲೈಡ್ ಕರಗಿಸಿಕೊಳ್ಳುತ್ತದೆ. 25 ಡಿಗ್ರಿಯಲ್ಲಿ ಅರ್ಧ ಗ್ರಾಂ ಮಾತ್ರ. ಶುದ್ಧೀಕರಣ ನಿಂತಿರುವುದೇ ಈ ಅಂತರದ ಮೇಲೆ. 5 ಗ್ರಾಮಿಗೆ 100ರ ಬದಲು 300 ಮಿ.ಲೀ. ಸುರಿದರೆ ಒಂದೂವರೆ ಗ್ರಾಂ ಸಿಂಕಿಗೆ ಹೋಯಿತೆಂದೇ ಲೆಕ್ಕ.

ಕುದಿಯುವಾಗ ಒಳಗೆ ಎಣ್ಣೆಯಂಥ ಹನಿಗಳು ಹೊಳೆಯುತ್ತವೆ. ಇದನ್ನು ಕೊಳೆಯೆಂದುಕೊಂಡು ಸೋಸಿ ಎಸೆಯುವವರಿದ್ದಾರೆ. ಅದು ಅಸಿಟನಿಲೈಡೇ! ಒಣ ಹರಳು 114 ಡಿಗ್ರಿಗೆ ಕರಗಿದರೂ, ನೀರಿನ ಜೊತೆಯಲ್ಲಿ 83 ಡಿಗ್ರಿಯ ಆಸುಪಾಸಿನಲ್ಲೇ ದ್ರವವಾಗಿಬಿಡುತ್ತದೆ. ಆ ಹನಿಗಳನ್ನು ಹಾಗೇ ಬಿಟ್ಟು ತಣಿಸಿದರೆ, ಕಲ್ಮಶವನ್ನೂ ಒಳಗಿಟ್ಟುಕೊಂಡು ಗಟ್ಟಿಯಾಗುತ್ತವೆ. ಒಮ್ಮೆಗೆ 5 ಮಿ.ಲೀ.ನಂತೆ ಕುದಿನೀರು ಸೇರಿಸಿ, ಕೊನೆಯ ಹನಿ ಮಾಯವಾಗುವವರೆಗೆ ಕುದಿಸಿ; ಆಮೇಲೆ ಇನ್ನೊಂದು 10 ಮಿ.ಲೀ., ಸೋಸುವಾಗ ನಡುವೆಯೇ ಹರಳುಗಟ್ಟದಿರಲಿ ಎಂದು.

ಬಣ್ಣವಿದ್ದರೆ ಚಿಟಿಕೆ ಇದ್ದಿಲಪುಡಿ ಸಾಕು. ಹೆಚ್ಚಾದರೆ ಅದು ಅಸಿಟನಿಲೈಡನ್ನೂ ಹಿಡಿದುಕೊಳ್ಳುತ್ತದೆ. ಉರಿ ಆರಿಸಿ, ಕುದಿತ ನಿಂತ ಮೇಲೆ ಹಾಕಿ. ಕುದಿಯುವಾಗ ಹಾಕಿದರೆ ಉಕ್ಕಿ ಚೆಲ್ಲುತ್ತದೆ. ಸೋಸಲು ಗಿಡ್ಡ ಕೊಳವೆಯ, ಬಿಸಿ ಮಾಡಿದ ಫನೆಲ್, ಮಡಿಕೆ ಮಡಿಕೆಯಾಗಿ ಮಡಚಿದ ಫಿಲ್ಟರ್ ಪೇಪರ್ ಇರಲಿ. ಉದ್ದ ಕೊಳವೆಯಾದರೆ ಅಲ್ಲೇ ಹರಳು ಕಟ್ಟಿಕೊಳ್ಳುತ್ತದೆ.

ಆಮೇಲೆ ಸುಮ್ಮನಿರುವುದೇ ಕೆಲಸ. ಮುಚ್ಚಿಟ್ಟ ಫ್ಲಾಸ್ಕನ್ನು ಅಲುಗಿಸದೆ ಬಿಟ್ಟರೆ ಹೊಳೆಯುವ ತೆಳು ಹಾಳೆಗಳಂಥ ಹರಳು ಬರುತ್ತವೆ. ಬಿಸಿಯಿದ್ದಾಗಲೇ ಐಸಿನಲ್ಲಿಟ್ಟರೆ ಸಿಗುವುದು ಕಲ್ಮಶ ಹಿಡಿದ ಪುಡಿ. ಕೋಣೆಯ ತಾಪಕ್ಕೆ ಇಳಿದ ಮೇಲಷ್ಟೇ ಐಸು. ಹರಳು ಬರದೆ ಹಟ ಹಿಡಿದರೆ ಗಾಜಿನ ಕಡ್ಡಿಯಿಂದ ಒಳಗೋಡೆ ಗೀರಿ. ಕೆಳಗಿನಿಂದ ಗಾಳಿ ಎಳೆದು ಸೋಸುವ ಬುಕ್ನರ್ ಫನೆಲಿನಲ್ಲಿ ಸೋಸಿ, ಒಂದೆರಡು ಚಮಚ ಐಸ್ ನೀರಿನಲ್ಲಷ್ಟೇ ತೊಳೆಯಿರಿ.

5 ಮಿ.ಲೀ. ಅನಿಲಿನ್‌ಗೆ ಪೂರ್ತಿ ಇಳುವರಿಯ ಲೆಕ್ಕ 7.4 ಗ್ರಾಂ. ತೂಕ ಅದಕ್ಕಿಂತ ಹೆಚ್ಚು ಬಂದರೆ ಹಿಗ್ಗಬೇಡಿ, ಹರಳು ಇನ್ನೂ ಒದ್ದೆಯಾಗಿದೆ. ಕರಗುವ ಬಿಂದು ನೋಡುವಾಗ 105 ದಾಟಿದ ಮೇಲೆ ನಿಮಿಷಕ್ಕೆ 2 ಡಿಗ್ರಿಗಿಂತ ಬೇಗ ಕಾಯಿಸಬೇಡಿ. ಹರಳು 108ರಲ್ಲಿ ಬೆವರಲು ಶುರುವಾಗಿ ಕರಗುವುದು 113ರವರೆಗೆ ಎಳೆದರೆ ತೇವವೋ ಕಲ್ಮಶವೋ ಉಳಿದಿದೆ; ಮೊದಲು ಚೆನ್ನಾಗಿ ಒಣಗಿಸಿ ಮತ್ತೆ ನೋಡಿ. ಆಗಲೂ ಹಾಗೇ ಆದರೆ ಇನ್ನೊಮ್ಮೆ ಕುದಿನೀರಿಗೆ ಹಾಕಲೇಬೇಕು.