ಕೊಲಂಬಸ್‌ನ ಗಡ್ಡ

“ಅಜ್ಜಾ, ಇವನಿಗೆ ಒಂದೇ ದಿನಕ್ಕೆ ಇಷ್ಟು ಗಡ್ಡ ಹೆಂಗ್ ಬಂತು?”

ಭಾನುವಾರದಿಂದ ಈ ಪ್ರಶ್ನೆ ನೆನೆಸಿಕೊಂಡು ಒಬ್ಬನೇ ನಗ್ತಾ ಇದ್ದೇನೆ. ಕೇಳಿದ್ದು ನನ್ನ ಮಗಳು, ಐದನೇ ಕ್ಲಾಸು. ಉತ್ತರ ಕೊಡಬೇಕಿದ್ದವರು ದಾವಣಗೆರೆಯ ನನ್ನ ಸೋದರಮಾವ. ಅವರಿಗೆ ಹಡಗಿನ ಸ್ಟಾಂಪು ಅಂದರೆ ಪ್ರಾಣ. ನಮ್ಮ ಕಡೆ ಸಾಗರ ಅಂದರೆ ಶಾಂತಿಸಾಗರ, ಅಂದರೆ ಸೂಳೆಕೆರೆ. ನಿಜವಾದ ಸಮುದ್ರ ನೋಡಬೇಕಾದರೆ ಘಟ್ಟ ಇಳಿಯಬೇಕು. ಆದರೂ ಮಾವನ ಆಲ್ಬಂ ತುಂಬ ಹಡಗೇ.

ಅವತ್ತು ತೆರೆದಿದ್ದು ಅಮೆರಿಕದ ಪುಟ. ಕೊಲಂಬಸ್ ಅಲ್ಲಿಗೆ ಹೋಗಿ 400 ವರ್ಷ ಆಯ್ತು ಅಂತ 1893ರಲ್ಲಿ ಒಂದು ಸೆಂಟಿನಿಂದ ಐದು ಡಾಲರ್‌ವರೆಗೆ 16 ಸ್ಟಾಂಪು ತಂದಿದ್ದರು. ಮಾವನ ಹತ್ತಿರ ಇರೋದು ಮೊದಲ ಎರಡೇ. ಒಂದು ಸೆಂಟಿನದರಲ್ಲಿ ಹಡಗಿನ ಮೇಲಿಂದ ನೆಲ ಕಾಣ್ತಿದೆ, ಕೊಲಂಬಸ್ ನುಣ್ಣಗೆ ಶೇವ್ ಮಾಡಿಕೊಂಡಿದ್ದಾನೆ. ಎರಡು ಸೆಂಟಿನದರಲ್ಲಿ ದಡಕ್ಕೆ ಇಳಿದಿದ್ದಾನೆ, ಮುಖ ತುಂಬ ಗಡ್ಡ! ಎರಡೂ ನಡೆದಿದ್ದು 1492ರ ಅಕ್ಟೋಬರ್ 12ರಂದೇ.

“ಏಯ್, ಸ್ಟಾಂಪು ನೋಡು ಅಂದ್ರೆ ಗಡ್ಡ ನೋಡ್ತಾಳೆ,” ಅಂತ ಮಾವ ಆಲ್ಬಂ ಮುಚ್ಚೇಬಿಟ್ಟರು. ಒಳ್ಳೆಯ ಮನುಷ್ಯರೇ, ಆದರೆ ನೋಡೋರು ಸುಮ್ನೆ ತಲೆ ಆಡಿಸಬೇಕು ಅವರಿಗೆ. ಅತ್ತೆ ಅಡುಗೆಮನೆಯಿಂದಲೇ “ಅಂತೂ ಒಬ್ಬಳಾದ್ರೂ ಕೇಳಿದ್ಲಲ್ಲ” ಅಂದರು.

ಸ್ಟಾಂಪು ಸಂಗ್ರಹಿಸೋರಿಗೆ ಇದು ಹಳೇ ಜೋಕು. ಇಬ್ಬರು ಬೇರೆ ಬೇರೆ ಕಲಾವಿದರ ಚಿತ್ರ ನೋಡಿಕೊಂಡು ಮಾಡಿದ್ದರಿಂದ ಹಾಗಾಗಿದೆ. ಕೊಲಂಬಸ್ ಬದುಕಿದ್ದಾಗ ಅವನನ್ನು ಕೂರಿಸಿಕೊಂಡು ಬರೆದ ಚಿತ್ರ ಅಂತ ಖಚಿತವಾಗಿ ಹೇಳುವಂಥದ್ದು ಒಂದೂ ಇಲ್ಲ. ಆ ಎರಡು ಸೆಂಟಿನ ಸ್ಟಾಂಪು ನೂರು ಕೋಟಿಗೂ ಜಾಸ್ತಿ ಅಚ್ಚಾಯ್ತು. ಅಷ್ಟು ಕಾಗದಗಳ ಮೇಲೆ ಯಾರದೋ ಊಹೆಯ ಮುಖ ಊರೂರು ಸುತ್ತಿ ಬಂತು.

ನಮ್ಮದೇನು ಬೇರೆನಾ? 1919ರ ಏಪ್ರಿಲ್ 5ಕ್ಕೆ ನಮ್ಮವರದೇ ಆದ ಸಿಂಧಿಯಾ ಹಡಗು ಕಂಪನಿಯ ‘ಎಸ್.ಎಸ್. ಲಾಯಲ್ಟಿ’ ಬೊಂಬಾಯಿಯಿಂದ ಲಂಡನ್‌ಗೆ ಹೊರಟಿತು. ಅದರ ನೆನಪಿಗೇ ಈಗ ರಾಷ್ಟ್ರೀಯ ಕಡಲಯಾನ ದಿನ ಮಾಡ್ತಾರೆ. ಐವತ್ತು ತುಂಬಿದಾಗ, 1969ರಲ್ಲಿ, 20 ಪೈಸೆಯ ಸ್ಟಾಂಪು ಬಂತು. ಮಾವನಿಗೆ ಅದನ್ನು ಕಂಡರೆ ಎದೆ ಉಬ್ಬುತ್ತೆ, ನನಗೂ ಅಷ್ಟೆ, ಬ್ರಿಟಿಷ್ ಕಂಪನಿಗಳ ಎದುರು ಹಡಗು ಬಿಡೋದು ಅವತ್ತು ಸಣ್ಣ ಧೈರ್ಯ ಅಲ್ಲ. ಆದರೆ ಅದು ಸೆಕೆಂಡ್‌ಹ್ಯಾಂಡ್ ಹಡಗು. ಮೊದಲು ಕೆನಡಾದ ಕಂಪನಿಯೊಂದರದ್ದು, ಆಗ ಹೆಸರು ‘ಎಂಪ್ರೆಸ್ ಆಫ್ ಇಂಡಿಯಾ’. ಮೊದಲ ಮಹಾಯುದ್ಧದಲ್ಲಿ ಗ್ವಾಲಿಯರ್ ಮಹಾರಾಜರು ಕೊಂಡು ಗಾಯಾಳುಗಳಿಗೆ ಆಸ್ಪತ್ರೆ ಮಾಡಿದ್ದರು. 1923ಕ್ಕೆಲ್ಲ ಗುಜರಿ. ನನಗಂತೂ ಸ್ಟಾಂಪಿನ ಹಡಗಿಗಿಂತ ಈ ಹಡಗೇ ಜಾಸ್ತಿ ಇಷ್ಟ. ಹೀಗೆ ಹಳೇ ಹಡಗು ತಂದು ಹೊರಟರು ಅಂತ ಹೇಳಿದರೆ ಹೆಮ್ಮೆ ಕಮ್ಮಿಯಾಗುತ್ತೆ ಅಂತ ಯಾಕೆ ಅಂದುಕೊಳ್ತೀವೋ!

ನಿನ್ನೆ ಮಾವನಿಗೆ ಫೋನ್ ಮಾಡಿ ಇನ್ನೊಂದು ಹೇಳಿದೆ. ಸೇಂಟ್ ಕಿಟ್ಸ್ ದ್ವೀಪದ 1903ರ ಸ್ಟಾಂಪಿನಲ್ಲಿ ಕೊಲಂಬಸ್ ದೂರದರ್ಶಕ ಹಿಡಿದು ನೋಡ್ತಾನೆ. ಅವನು ಸತ್ತಿದ್ದು 1506ರಲ್ಲಿ, ದೂರದರ್ಶಕ ಬಂದಿದ್ದು ಅದಾಗಿ ನೂರು ವರ್ಷಕ್ಕೆ.

“ಎಲ್ಲಾದ್ರೂ ಸಿಗುತ್ತಾ ನೋಡಪ್ಪ,” ಅಂದರು ಮಾವ. “ನಿನ್ನ ಮಗಳಿಗೆ ಮಾತ್ರ ಹೇಳಬೇಡ.”