ಒಳಗಿಂದು ಆಮೇಲೆ, ಮೊದಲು ಮೇಲಿಂದು ನೋಡು

ಗಂಗಾವತಿಯಲ್ಲಿ ಟ್ರ್ಯಾಕ್ಟರ್ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟುಕೊಂಡೋನಿಗೆ ಬೌಲಿಂಗ್ ಹುಚ್ಚು (ಕ್ರಿಕೆಟಿಂದಲ್ಲ, ಉದ್ದನೆಯ ಲೇನಿನಲ್ಲಿ ಭಾರದ ಬಾಲು ಉರುಳಿಸಿ ಹತ್ತು ಪಿನ್ ಬೀಳಿಸೋ ಆಟದ್ದು) ಎಲ್ಲಿಂದ ಹತ್ತಿತು ಅಂತ ಕೇಳಬೇಡಿ. ಮಾಲು ತರೋಕೆ ಬೆಂಗಳೂರಿನ ಜೆ.ಸಿ. ರೋಡಿಗೆ ಹೋದಾಗಲೆಲ್ಲ ಸಂಜೆ ಕಾಲು ಲೇನ್ ಕಡೆಗೇ ಎಳೆಯುತ್ತೆ. ಬ್ಯಾಗಿನಲ್ಲಿ 14 ಪೌಂಡಿನ, ಅಂದರೆ ಆರು ಕಿಲೋ ದಾಟೋ ಬಾಲು. ಬಸ್ಸಿನ ಕಂಡಕ್ಟರ್ ಬ್ಯಾಗು ಎತ್ತಿ ನೋಡಿ, "ಏನ್ರೀ ಯಜಮಾನ್ರ, ಜಾತ್ರ್ಯಾಗ ಗುಂಡು ಎತ್ತಾಕ ಹೊಂಟೀರೇನು?" ಅಂದಿದ್ದೂ ಉಂಟು.

ಈಗ ಸಿಂಧನೂರಿನ ಅಕ್ಕನ ಮಗ, ಬೆಂಗಳೂರಲ್ಲಿ ಓದ್ತಿರೋನು, ತನಗೂ ಸ್ವಂತ ಬಾಲ್ ಬೇಕು ಅಂತ ಗಂಟುಬಿದ್ದಿದ್ದಾನೆ. ಅವನು ಕಳಿಸೋ ಫೋಟೋ ಎಲ್ಲಾ ಕೋರ್‌ದೇ. ಬಾಲನ್ನು ಅರ್ಧಕ್ಕೆ ಕೊಯ್ದು ಒಳಗಿನ ಗಡ್ಡೆಯ ಆಕಾರ ತೋರಿಸಿರೋವು. ನೋಡೋಕೆ ಚೆಂದ. ಆದರೆ ಲೇನಿನ ಎಣ್ಣೆಗೆ ತಾಗೋದು ಕೋರ್ ಅಲ್ಲ, ಮೇಲಿನ ಸಿಪ್ಪೆ, ಅಂದರೆ ಕವರ್‌ಸ್ಟಾಕು.

ಎಸೆಯುವಾಗ ದಾಟಬಾರದ ಗೆರೆ, ಅಂದರೆ ಫೌಲ್ ಲೈನಿಂದ ಮೊದಲ ಪಿನ್ನಿಗೆ 60 ಅಡಿ. ಅದರಲ್ಲಿ ಎಣ್ಣೆ ಹಾಸೋದು ಸಾಮಾನ್ಯವಾಗಿ ಮೊದಲ 40 ಅಡಿಯಷ್ಟು, ಉಳಿದದ್ದು ಒಣ. ಅಗಲದಲ್ಲೂ ಒಂದೇ ಸಮ ಇರಲ್ಲ: ಲೇನಿನ ಅಗಲಕ್ಕಿರೋ 39 ಪಟ್ಟಿಗಳಲ್ಲಿ ನಡುವಿನವಕ್ಕೆ ದಪ್ಪಗೆ, ಎರಡೂ ಅಂಚಿಗೆ ತೆಳ್ಳಗೆ. ಬಾಲು ಎಣ್ಣೆ ಮೇಲೆ ಜಾರುತ್ತೆ, ಒಣ ಜಾಗ ಸಿಕ್ಕಾಗ ಹಿಡಿದುಕೊಂಡು ತಿರುಗುತ್ತೆ. ಎಷ್ಟು ಬೇಗ ಹಿಡಿದುಕೊಳ್ಳುತ್ತೆ ಅನ್ನೋದರಲ್ಲೇ ಎಲ್ಲಾ ಇದೆ. ನಮ್ಮ ಕಡೆ ಭತ್ತದ ಗದ್ದೆ ಕೆಸರಿಗೆ ಇಳಿಸುವಾಗ ಟ್ರ್ಯಾಕ್ಟರ್‌ಗೆ ಕೇಜ್ ವೀಲ್ ಹಾಕ್ತೀವಲ್ಲ, ಅದೇ ಗಾಲಿಯಲ್ಲಿ ಕಾರಟಗಿ ರೋಡಿಗೆ ಹತ್ತಿದರೆ ಏನಾಗುತ್ತೆ? ದಪ್ಪ ಎಣ್ಣೆಗೆ ಅಂತ ಮಾಡಿದ ಬಾಲನ್ನು ಒಣ ಲೇನಲ್ಲಿ ಬಿಟ್ಟರೂ ಅಷ್ಟೇ. ಅರ್ಧ ದಾರಿಯಲ್ಲೇ ಕಚ್ಚಿಕೊಂಡು, ಶಕ್ತಿ ಎಲ್ಲಾ ಕಳಕೊಂಡು, ಪಿನ್ ಹತ್ತಿರ ಬರೋ ಹೊತ್ತಿಗೆ ಸುಮ್ಮನೆ ಉರುಳುತ್ತೆ.

ದಪ್ಪ ಎಣ್ಣೆಗೆ ಸಾಲಿಡ್ ರಿಯಾಕ್ಟಿವ್ ರೆಸಿನ್ (ಎಣ್ಣೆ ಹೀರಿಕೊಂಡು ಲೇನನ್ನ ಗಟ್ಟಿಯಾಗಿ ಹಿಡಿಯೋ ಸಿಪ್ಪೆ), ಮೇಲ್ಮೈ ಮಂಕಾಗಿರಬೇಕು, 1000 ಅಥವಾ 2000 ಗ್ರಿಟ್ (ಉಜ್ಜೋ ಪ್ಯಾಡಿನ ಅಂಕಿ, ಕಮ್ಮಿಯಾದಷ್ಟೂ ಒರಟು). ಎಣ್ಣೆ ಕಮ್ಮಿ ಇದ್ದರೆ ಪಾಲಿಶ್ ಹೊಡೆದ ಪರ್ಲ್, ಅಂದರೆ ಅದೇ ರೆಸಿನ್ನಿಗೆ ಹೊಳಪಿನ ಪುಡಿ ಬೆರೆಸಿದ್ದು. ಅದು ಮುಂದಿನವರೆಗೂ ಜಾರಿಕೊಂಡು ಹೋಗಿ ಕೊನೆಗೆ ಚುರುಕಾಗಿ ತಿರುಗುತ್ತೆ. ಎಣ್ಣೆಯ ಉದ್ದ ಕಡಿಮೆ ಇದ್ದಾಗ ಯೂರಿಥೇನ್ ಬಾಲಿಗೆ ಬೆಲೆ. ಬೇಗ ಹಿಡಿಯುತ್ತೆ, ಆದರೆ ಕೊನೆಯಲ್ಲಿ ಗಕ್ಕನೆ ತಿರುಗಲ್ಲ, ಹಾಗಾಗಿ ಹತೋಟಿಯಲ್ಲಿರುತ್ತೆ. 1990ರ ದಶಕದಲ್ಲಿ ರಿಯಾಕ್ಟಿವ್ ಬಂದು ಇದನ್ನ ಮೂಲೆಗೆ ತಳ್ಳಿತ್ತು, ಈಗ ಮತ್ತೆ ಬಹಳ ಜನರ ಬ್ಯಾಗಿಗೆ ಬಂದಿದೆ. ಪ್ಲಾಸ್ಟಿಕ್ ಬಾಲು ಎಣ್ಣೆಗೂ ಒಣಕ್ಕೂ ಹೆಚ್ಚು ತಲೆಕೆಡಿಸಿಕೊಳ್ಳಲ್ಲ, ನೆಟ್ಟಗೆ ಹೋಗುತ್ತೆ. ಮೂಲೆಯ 10ನೇ ಪಿನ್ ತೆಗೆಯೋಕೆ ಅದಕ್ಕಿಂತ ಒಳ್ಳೇದಿಲ್ಲ.

ಎಣ್ಣೆ ಕಣ್ಣಿಗೆ ಕಾಣಲ್ಲ ಅನ್ನೋದು ಅಳಿಯನ ತಕರಾರು. ಲೇನಲ್ಲಿ ಕಾಣದಿದ್ದರೆ ಬಾಲ್ ಮೇಲೆ ನೋಡಪ್ಪಾ! ಎಸೆದ ಬಾಲು ವಾಪಸ್ ತರೋ ರಿಟರ್ನಿಂದ ಬಂದ ತಕ್ಷಣ ಒರೆಸಬೇಡ, ದೀಪದ ಬೆಳಕಿಗೆ ಓರೆಯಾಗಿ ಹಿಡಿ. ಒಂದರ ಪಕ್ಕ ಒಂದು ತೆಳು ಬಳೆಗಳ ಹಾಗೆ ಎಣ್ಣೆ ಗೆರೆ ಕೂತಿರುತ್ತೆ. ಬೆರಳಾಡಿಸಿದರೆ ದಪ್ಪವೋ ತೆಳುವೋ ಗೊತ್ತಾಗಿಬಿಡುತ್ತೆ. ದಿನವಿಡೀ ಗ್ರೀಸು, ಗೇರ್ ಆಯಿಲ್ ಮುಟ್ಟೋ ಕೈ ನಂದು, ನನಗಂತೂ ಇದು ಸಲೀಸು. ಆಮೇಲೆ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸು, ಪ್ರತಿ ಎಸೆತಕ್ಕೂ.

ಎಣ್ಣೆಯ ಉದ್ದ ಗೊತ್ತಿದ್ದರೆ ಒಂದು ಲೆಕ್ಕ ಇದೆ: ಉದ್ದದಲ್ಲಿ 31 ಕಳೆ. 40 ಅಡಿ ಇದ್ದರೆ ಬಾಲು ತಿರುಗೋ ಜಾಗ ಹೆಚ್ಚುಕಮ್ಮಿ ಅಂಚಿನಿಂದ 9ನೇ ಪಟ್ಟಿ. ಅಂದಾಜಿಗೆ ಸಾಕು, ಅದನ್ನೇ ಹಿಡಕೊಂಡು ಕೂರಬಾರದು. ಯಾಕಂದರೆ ಆಟ ಸಾಗಿದ ಹಾಗೆ ಎಣ್ಣೆಯೂ ಸವೆಯುತ್ತೆ. ರಿಯಾಕ್ಟಿವ್ ಬಾಲುಗಳು ಎಣ್ಣೆ ಕುಡಿಯುತ್ತವೆ, ಎಲ್ಲರೂ ಓಡಿಸೋ ದಾರಿ ಬೇಗ ಒಣಗುತ್ತೆ. ಮೊದಲ ಗೇಮಲ್ಲಿ ಮೊದಲ ಪಿನ್ನಿಗೂ ಅದರ ಪಕ್ಕದ್ದಕ್ಕೂ ನಡುವಿನ ಸಂದು, ಅಂದರೆ ಪಾಕೆಟ್‌ಗೆ ನೇರ ಬೀಳ್ತಿದ್ದ ಬಾಲು ಮೂರನೇದರಲ್ಲಿ ಮೊದಲ ಪಿನ್ನಿನ ಮೂಗಿಗೇ ಗುದ್ದುತ್ತೆ. ಬಲಗೈಯವನಾದರೆ ಎರಡು ಪಟ್ಟಿ ಎಡಕ್ಕೆ ಸರಿದು ನೋಡು. ಸರಿದೂ ಸರಿದೂ ಸಾಕಾದರೆ ಆಗ ಬಾಲ್ ಬದಲಿಸು. ಕೆಲವರು ಎರಡು ಎಸೆತ ಕೆಟ್ಟ ಕೂಡಲೇ ಬ್ಯಾಗಿಗೆ ಕೈ ಹಾಕ್ತಾರೆ, ನಂಗದು ಸೇರಲ್ಲ.

ಹಾಗಾದರೆ ಮೊದಲ ದುಡ್ಡು ಎಲ್ಲಿ ಹಾಕಬೇಕು? ಅಳಿಯ ಕೇಳ್ತಿರೋ ಭಾರೀ ಅಸಿಮೆಟ್ರಿಕ್ ಕೋರ್, ಅಂದರೆ ಆಕಾರ ಎಲ್ಲಾ ಕಡೆ ಸಮ ಇಲ್ಲದ್ದು, ಸದ್ಯಕ್ಕೆ ಬೇಡ. ಮಾಲ್‌ಗಳಲ್ಲಿ ನಾನು ಆಡಿದ ಲೇನುಗಳು ಬಹುಪಾಲು ಎಣ್ಣೆ ಕಮ್ಮಿ ಇರೋವೇ. ಸಮ ಆಕಾರದ ಸಿಮೆಟ್ರಿಕ್ ಕೋರಿನ, ತೀರಾ ಜೋರೂ ಅಲ್ಲದ ತೀರಾ ಸಪ್ಪೆಯೂ ಅಲ್ಲದ ರಿಯಾಕ್ಟಿವ್ ಒಂದು, ಪ್ಲಾಸ್ಟಿಕ್ ಒಂದು, ಜೊತೆಗೆ ಉಜ್ಜೋ ಪ್ಯಾಡು. ನನ್ನ ಅಂಗಡಿಯಲ್ಲಿ ವಾಟರ್ ಪೇಪರ್ ರಾಶಿ ಇದೆ, ಆದರೂ ಬಾಲಿಗೆ ಫೋಮ್ ಬೆನ್ನಿನ ಪ್ಯಾಡೇ ವಾಸಿ, ಗುಂಡನೆಯ ಮೈಗೆ ಸಮನಾಗಿ ಕೂರುತ್ತೆ. 4000 ಗ್ರಿಟ್‌ನಲ್ಲಿರೋ ಬಾಲನ್ನು 1000ಕ್ಕೆ ಇಳಿಸಿದರೆ ಅದೇ ಬಾಲು ಬೇರೆ ಬಾಲಿನ ಥರ ಓಡುತ್ತೆ. ಪಂದ್ಯ ಶುರುವಾದ ಮೇಲೆ ಮಾತ್ರ ಉಜ್ಜೋ ಹಾಗಿಲ್ಲ, ಅದಕ್ಕೆ ಮುಂಚೆಯೇ ಮುಗಿಸಿಕೊಳ್ಳಬೇಕು.

ಇನ್ನೊಂದು ಮಾತು, ಬೇಸಿಗೆಗೆ ಊರಿಗೆ ಬರುವಾಗ ಬಾಲನ್ನು ಕಾರಿನ ಡಿಕ್ಕಿಯಲ್ಲಿ ಬಿಡಬೇಡ. ನಮ್ಮ ಸಿಂಧನೂರು, ರಾಯಚೂರಿನ ಬಿಸಿಲು ಗೊತ್ತಲ್ಲ, ಡಿಕ್ಕಿ ಒಳಗೆ ಅದರ ಮೇಲೆ ಇನ್ನಷ್ಟು ಕಾವು. ಕುಡಿದ ಎಣ್ಣೆ ಬೆವರಿನಂತೆ ಹೊರಬರುತ್ತೆ, ಬಾಲು ಸೀಳಲೂಬಹುದು. ಒಳಗಿನ ಎಣ್ಣೆ ತೆಗೀಬೇಕಂದರೆ ಬೆರಳಿನ ತೂತಿಗೆ ಟೇಪ್ ಹಚ್ಚಿ, ಕೈ ತಾಳುವಷ್ಟೇ ಬಿಸಿಯ ನೀರಲ್ಲಿ, ಪಾತ್ರೆ ತೊಳೆಯೋ ಸೋಪಿನ ನಾಲ್ಕು ಹನಿ ಹಾಕಿ ನೆನೆಸು. ಅಕ್ಕನ ಬಕೆಟ್ ಮುಟ್ಟೋ ಮುಂಚೆ ಅಕ್ಕನ್ನ ಕೇಳು.